ಗೋದಾಮಿನ ಹಿಂಬಾಗಿಲು

ಬೀಗದವನ ಮನೆಯಲ್ಲಿ ಮೊದಲ ಜಗಳ ಆದದ್ದು ಬಟ್ಟೆ ಸೋಪಿನ ವಿಷಯಕ್ಕೆ.

ಹೆಂಡತಿ ಕೆಲಸ ಮುಗಿಸಿ ಬರುವಾಗ ಎರಡು ಸೋಪು ತಂದಿದ್ದಳು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದ ಗಂಡ ಅವನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದ.

"ಇದೆಲ್ಲಿಂದ ಬಂತು?"

"ಅಂಗಡಿಯಿಂದ. ಸೋಪು ಮರದಲ್ಲಿ ಬಿಡುತ್ತಾ?"

"ಯಾವ ಅಂಗಡಿಯಿಂದ?"

"ಮೂಲೆ ಅಂಗಡಿಯಿಂದ. ಒಂದು ತಗೊಂಡ್ರೆ ಒಂದು ಪುಕ್ಕಟೆ ಅಂತ ಬೋರ್ಡು ಹಾಕಿದ್ದ."

ಅವನು ಕಿಟಕಿ ತೆರೆದು ಎರಡನ್ನೂ ಬೀದಿಗೆ ಎಸೆದ. ಊಟಕ್ಕೆ ಕೂತಿದ್ದ ಅವನ ತಾಯಿ ತಟ್ಟೆಯಿಂದ ತಲೆಯೆತ್ತಿ, "ಪುಕ್ಕಟೆ ಬಂದದ್ದನ್ನಾದ್ರೂ ಇಟ್ಕೋಬಾರದಿತ್ತೇನೋ," ಎಂದಳು. ಮಗಳು ನಕ್ಕಳು. ಅವನು ನಗಲಿಲ್ಲ.

"ಆಚೆಯವರ ಅಂಗಡಿಯಿಂದ ಈ ಮನೆಗೆ ಒಂದು ಬೆಂಕಿಪೊಟ್ಟಣವೂ ಬರಕೂಡದು. ಹೇಳಿದ್ದೀನಿ."

ಹೆಂಡತಿ ಕೈಲಿದ್ದ ಸೌಟನ್ನು ಕೆಳಗಿಟ್ಟಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮನೆಯ ಸಾಮಾನು ಎಲ್ಲಿಂದ ಬರುತ್ತದೆ ಎಂದು ಅವನು ಕೇಳಿದ್ದು ಅದೇ ಮೊದಲು.

ಆಚೆಯವರೆಂದರೆ ಹೊಳೆಯಾಚೆಯಿಂದ ಬಂದವರು. ಅಲ್ಲಿ ಗಲಭೆಯಾಗಿ, ಮನೆಮಠ ಬಿಟ್ಟು ಬಂದು, ನಾಲ್ಕೈದು ವರ್ಷಗಳಿಂದ ಸಿಕ್ಕ ಕೆಲಸ ಮಾಡಿಕೊಂಡಿದ್ದರು. ಅವರಲ್ಲೊಬ್ಬ ಬೀದಿಯ ಮೂಲೆಯಲ್ಲಿ ಅಂಗಡಿ ಹಾಕಿದ್ದ. ಸೋಪು, ಮೊಳೆ, ಬಲ್ಬು, ಜೊತೆಗೆ ಎರಡು ನಿಮಿಷದಲ್ಲಿ ಕೀಲಿ ಕೊರೆದುಕೊಡುವ ಒಂದು ಯಂತ್ರ. ಆ ಯಂತ್ರ ಬಂದಾಗಲೂ ಬೀಗದವನು ಮನಸ್ಸು ಕೆಡಿಸಿಕೊಂಡಿರಲಿಲ್ಲ. "ಕೀಲಿ ಯಾರು ಬೇಕಾದ್ರೂ ಮಾಡ್ತಾರೆ. ಬೀಗ ಮಾಡಲಿ ನೋಡೋಣ," ಎಂದಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ಕೂತು ಹಿತ್ತಾಳೆ ಬೀಗಗಳನ್ನು ಕೈಯಲ್ಲೇ ಕೂಡಿಸುತ್ತಿದ್ದ.

ಅವನ ತಲೆ ಕೆಡಿಸಿದ್ದು ಒಂದು ಕಳವು. ಅದೇ ಬೀದಿಯ ಗಡಿಯಾರ ರಿಪೇರಿಯವನ ಮನೆಗೆ ಹಾಡಹಗಲೇ ಯಾರೋ ನುಗ್ಗಿ ಪೆಟ್ಟಿಗೆ ಹೊತ್ತೊಯ್ದರು. ಬಾಗಿಲಿಗಿದ್ದದ್ದು ಇವನು ಮಾಡಿದ ಬೀಗ. ಮುರಿದಿರಲಿಲ್ಲ, ಸುಮ್ಮನೆ ತೆರೆದುಕೊಂಡಿತ್ತು. ಜನ ಸೇರಿದಾಗ ಒಬ್ಬ, "ಹಾಕಿದೋನಿಗೆ ತೆಗೆಯೋದು ಗೊತ್ತಿರಲ್ವಾ," ಎಂದು ನಕ್ಕ. ಆ ಮಾತು ಬೀದಿಯಲ್ಲೆಲ್ಲ ಓಡಾಡಿತು. ಬೀಗದವನು ಎಂಟು ದಿನ ಅಂಗಡಿ ತೆರೆಯದೆ ಒಳಗೇ ಕೂತ. ತಾಯಿ ಕರೆದರೆ ಊಟಕ್ಕೆ ಬರುತ್ತಿದ್ದ, ಅರ್ಧ ತಿಂದು ಏಳುತ್ತಿದ್ದ.

ಒಂಬತ್ತನೆಯ ದಿನ ಮೇಷ್ಟ್ರು ಬಂದರು. ಶಾಲೆಯಲ್ಲಿ ಕವಾಯತು ಕಲಿಸಿ ನಿವೃತ್ತರಾದವರು. ಆಟದ ಮೈದಾನದ ಪಕ್ಕದ ವ್ಯಾಯಾಮಶಾಲೆ ನಡೆಸುತ್ತಿದ್ದರು. ನೆಟ್ಟಗೆ ನಿಂತು ಮೆಲ್ಲಗೆ ಮಾತಾಡುವ ಮನುಷ್ಯ. ಸಂಜೆ ಅವನನ್ನು ಕರೆದುಕೊಂಡು ಹೋಗಿ, ನೆರೆದಿದ್ದ ಮೂವತ್ತು ನಲವತ್ತು ಜನರ ಮುಂದೆ ನಿಲ್ಲಿಸಿ ಹೇಳಿದರು: "ಇವರ ಬೀಗದಲ್ಲಿ ದೋಷ ಇಲ್ಲ. ದೋಷ ಇರೋದು ನಾವು ಯಾರನ್ನ ಊರೊಳಗೆ ಬಿಟ್ಕೊಂಡಿದ್ದೀವಿ ಅನ್ನೋದ್ರಲ್ಲಿ. ಈ ಮನುಷ್ಯನಿಗೆ ಮೊದಲು ಕ್ಷಮೆ ಕೇಳಿ." ಅಂದು ನಕ್ಕಿದ್ದವನೇ ಎದ್ದು ಬಂದು ಕೈ ಹಿಡಿದುಕೊಂಡ.

ಮನೆಗೆ ಬಂದು ಇದನ್ನು ಹೇಳುವಾಗ ಬೀಗದವನ ಕಣ್ಣಲ್ಲಿ ನೀರಿತ್ತು. ಹೆಂಡತಿ ಅವನಿಗೆ ಇನ್ನೊಂದು ಮೊಟ್ಟೆ ಬಡಿಸಿದಳು. ಸೋಪಿನ ಜಗಳ ಆದದ್ದು ಅದಾದ ಎರಡು ವಾರಕ್ಕೆ.

ಆದರೂ ಆ ದಿನಗಳು ಮನೆಯವರಿಗೆ ಕೆಟ್ಟವೆನಿಸಿರಲಿಲ್ಲ. ಅವನು ಕುಡಿತ ಬಿಟ್ಟ. ಬೆಳಿಗ್ಗೆ ಐದಕ್ಕೆದ್ದು ವ್ಯಾಯಾಮಕ್ಕೆ ಹೋಗುತ್ತಿದ್ದ. ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿ ರಿಪೇರಿಯಾಯಿತು. ಮುದುಕಿಯ ಮಂಚದ ಕಾಲು ನೆಟ್ಟಗಾಯಿತು. ಮೇಷ್ಟ್ರು ಹೇಳಿದರೆಂದು ಒಂಟಿ ಹೆಂಗಸರ ಮನೆಗಳಿಗೆಲ್ಲ ಪುಕ್ಕಟೆಯಾಗಿ ಚಿಲಕ ಹಾಕಿಕೊಟ್ಟ. ದಾರಿಯಲ್ಲಿ ಜನ "ಅಣ್ಣ ಚೆನ್ನಾಗಿದ್ದೀರಾ" ಎಂದು ನಿಲ್ಲಿಸಿ ಮಾತಾಡಿಸುತ್ತಿದ್ದರು.

"ಐವತ್ತು ವರ್ಷಕ್ಕೆ ಬುದ್ಧಿ ಬಂತು ನನ್ನ ಮಗನಿಗೆ," ಎಂದಳು ಮುದುಕಿ. "ಆ ಮೇಷ್ಟ್ರು ನನ್ನ ಗಂಡನಿಗೂ ಸಿಕ್ಕಿದ್ದಿದ್ರೆ ಚೆನ್ನಾಗಿತ್ತು."

ಮಗಳಿಗೆ ಮಾತ್ರ ಮೊದಲಿನಿಂದಲೂ ಕಸಿವಿಸಿ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಊಟದ ಹೊತ್ತಿಗೂ ಫೋನು ಕೆಳಗಿಡುತ್ತಿರಲಿಲ್ಲ. ವ್ಯಾಯಾಮಶಾಲೆಯ ಗುಂಪಿನಲ್ಲಿ ದಿನಕ್ಕೆ ನೂರು ಸಂದೇಶ ಬರುತ್ತಿದ್ದವು. ಒಂದು ದಿನ ತಟ್ಟೆಯ ಪಕ್ಕದಲ್ಲಿ ಫೋನು ಇಟ್ಟು ಎಲ್ಲರಿಗೂ ಒಂದು ವಿಡಿಯೋ ತೋರಿಸಿದ. ಯಾರೋ ಇಬ್ಬರು ನೀರಿನ ತೊಟ್ಟಿಗೆ ಏನನ್ನೋ ಸುರಿಯುತ್ತಿದ್ದರು.

"ನೋಡಿ. ಆಚೆಯವರು. ವಿಷ."

ಮಗಳು ಬಗ್ಗಿ ನೋಡಿದಳು. "ಅಪ್ಪ, ಹಿಂದೆ ನಿಂತಿರೋ ಬಸ್ಸಿನ ಮೇಲೆ ಬರೆದಿರೋದು ಯಾವ ಭಾಷೆ ನೋಡು. ಇದು ನಮ್ಮ ದೇಶದ್ದೇ ಅಲ್ಲ."

"ಬಸ್ಸು ಯಾರು ನೋಡ್ತಾರೆ?"

"ನಾನು ನೋಡಿದೆ. ಅವರು ಸುರೀತಿರೋದು ಕ್ಲೋರಿನ್ನು. ಕೈಗವಸು ಹಾಕಿದ್ದಾರೆ, ಪಕ್ಕದಲ್ಲಿ ಡಬ್ಬ ಇದೆ."

"ನಿನ್ನನ್ನ ಓದಿಸಿದ್ದೇ ನನ್ನ ತಪ್ಪು."

"ಬಿಡೋ," ಎಂದಳು ಮುದುಕಿ. "ಆಚೆಯವರು ಬಂದವರು, ಬಂದವರು ಅಂತ ದಿನಾ ಕುಯ್ಯಿಗುಡ್ತೀಯ. ನಾನೂ ಈ ಮನೆಗೆ ಬಂದವಳೇ. ನಿನ್ನ ಹೆಂಡ್ತಿನೂ ಬಂದವಳೇ. ಇಲ್ಲೇ ಇದ್ದೋನು ನೀನೊಬ್ಬ, ನಿನ್ನಿಂದ ಆಗಿರೋ ಉಪಕಾರ ನಮಗೆ ಗೊತ್ತಿದೆ."

ಹಿಂದಾಗಿದ್ದರೆ ಇಂಥ ಮಾತಿಗೆ ಅವನೇ ಮೊದಲು ನಗುತ್ತಿದ್ದ. ಈಗ ತಟ್ಟೆಯನ್ನು ಎತ್ತಿ ಗೋಡೆಗೆ ಹೊಡೆದ. ಗೋಡೆಯ ಮೇಲೆ ಬೇಳೆ ಇಳಿಯುತ್ತಿದ್ದಂತೆಯೇ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆಮೇಲೆ ಹೆಂಡತಿ ಬಟ್ಟೆ ತಂದು ಗೋಡೆ ಒರೆಸಿದಳು.

"ನಾನು ತಮಾಷೆಗೆ ಅಂದದ್ದು," ಎಂದಳು ಮುದುಕಿ.

"ಗೊತ್ತು ಅತ್ತೆ. ಊಟ ಮಾಡಿ."

ವಾರ ಕಳೆದಂತೆ ಅವನ ಮಾತು ಕಡಿಮೆಯಾಯಿತು, ಅಪ್ಪಣೆ ಹೆಚ್ಚಾಯಿತು. ಆಸ್ಪತ್ರೆಯಲ್ಲಿ ಯಾರು ಯಾರಿಗೆ ಮೊದಲು ಔಷಧಿ ಕೊಡುತ್ತಾರೆಂದು ಗುಂಪಿನವರು ಗೇಟಿನಲ್ಲಿ ನಿಂತು ಫೋಟೋ ತೆಗೆಯತೊಡಗಿದರು. ಒಂದು ಫೋಟೋದಲ್ಲಿ ಮಗಳು ಆಚೆಯವರ ಮಗುವನ್ನು ಎತ್ತಿಕೊಂಡಿದ್ದಳು. ಅದು ಗುಂಪಿನಲ್ಲಿ ಸುತ್ತಾಡಿ ಅಪ್ಪನ ಫೋನಿಗೂ ಬಂತು.

"ಅವರನ್ನ ಮುಟ್ಟೋ ಕೈಯಲ್ಲಿ ನನಗೆ ಬಡಿಸಬೇಡ," ಎಂದ.

"ಸರಿ," ಎಂದು ಮಗಳು ಪಾತ್ರೆಯನ್ನು ಅವನ ಮುಂದೆ ಸರಿಸಿದಳು. "ಬಡಿಸ್ಕೋ."

ಅವನು ಬಡಿಸಿಕೊಂಡ. ಅಂದಿನಿಂದ ಅಪ್ಪ ಮಗಳ ನಡುವೆ ಮಾತಿಲ್ಲ.

ಹೆಂಡತಿ ಒಂದು ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಅವಳ ಜೊತೆ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಹೊಳೆಯಾಚೆಯವಳು. ಮೂರು ವರ್ಷದಿಂದ ಇಬ್ಬರೂ ಮಧ್ಯಾಹ್ನದ ಡಬ್ಬಿ ಒಟ್ಟಿಗೆ ಬಿಚ್ಚುತ್ತಿದ್ದರು. ಇದನ್ನು ಹೆಂಡತಿ ಮನೆಯಲ್ಲಿ ಹೇಳುವುದನ್ನು ನಿಲ್ಲಿಸಿದ್ದಳು. ಆದರೆ ಅವಳಿಗೆ ಜ್ವರ ಬಂದು ನಾಲ್ಕು ದಿನ ಮಲಗಿದಾಗ ಇಸ್ತ್ರಿಯವಳು ಒಂದು ಚೀಲ ಕಿತ್ತಳೆ ಹಿಡಿದುಕೊಂಡು ತಾನೇ ಮನೆ ಹುಡುಕಿಕೊಂಡು ಬಂದಳು.

ಮಂಚದ ಮೇಲಿದ್ದ ಹೆಂಡತಿ ಎದ್ದು ಕೂತಳು. ಗಂಡ ಮುಂದಿನ ಕೋಣೆಯಲ್ಲೇ ಇದ್ದ.

"ಹೊಸಿಲಲ್ಲಿ ಯಾಕಮ್ಮ ನಿಂತೆ, ಒಳಗೆ ಬಾ," ಎಂದು ಮುದುಕಿ ಕರೆದಳು. ಇಸ್ತ್ರಿಯವಳು ಬಂದು ಮಂಚದ ಅಂಚಿಗೆ ಕೂತು, ಜ್ವರ ಮುಟ್ಟಿ ನೋಡಿ, ಕಿತ್ತಳೆ ಸುಲಿದಳು. ಬೀಗದವನು ಬಾಗಿಲಿಗೆ ಬಂದು ನಿಂತ.

"ಎಲ್ಲಿ ಇರೋದು ನೀವು?" ಎಂದ.

"ರೈಲು ಹಳಿ ಪಕ್ಕ, ಹತ್ತಿ ಗೋದಾಮಿನಲ್ಲಿ ಅಣ್ಣ."

"ತುಂಬಾ ಜನ ಇದ್ದೀರಾ?"

"ಮೂವತ್ತೆರಡು ಜನ. ಒಬ್ಬರ ಕಾಲು ಇನ್ನೊಬ್ಬರ ತಲೆ ಹತ್ರ."

"ಅಷ್ಟು ಜನಕ್ಕೆ ಒಂದೇ ಬಾಗಿಲಾ?"

"ಎರಡಿದೆ. ಮುಂದಿನ ಶಟರು ಕೆಟ್ಟು ಮಂಡಿವರೆಗೆ ಮಾತ್ರ ಏಳುತ್ತೆ. ಓಡಾಡೋದೆಲ್ಲ ಹಿಂದಿನ ಕಬ್ಬಿಣದ ಬಾಗಿಲಲ್ಲಿ."

"ಹಗಲು ಖಾಲಿ ಇರುತ್ತೆ ಅನ್ನಿ."

"ಎಲ್ಲಿ ಬಂತು ಅಣ್ಣ. ರಾತ್ರಿ ಪಾಳಿಯವರು ಹಗಲೆಲ್ಲ ಮಲಗಿರ್ತಾರೆ. ನನಗೂ ಮುಂದಿನ ವಾರದಿಂದ ರಾತ್ರಿ ಪಾಳಿ."

ಅವನು ತಲೆಯಾಡಿಸಿ ಹೋದ. ಹೆಂಡತಿಗೆ ಜ್ವರವೇ ಅರ್ಧ ಇಳಿದಂತಾಯಿತು. ಸಂಜೆ ಮಗಳಿಗೆ, "ನಿಮ್ಮಪ್ಪ ಅವಳನ್ನ ಚೆನ್ನಾಗಿ ಮಾತಾಡಿಸಿದ್ರು ಕಣೇ. ಎದುರಿಗೆ ಮನುಷ್ಯರು ಬಂದ್ರೆ ಮನಸ್ಸು ಕರಗುತ್ತೆ," ಎಂದಳು.

ಮುಂದಿನ ವಾರವೆಲ್ಲ ಅವನು ಕೆಲಸದಲ್ಲಿ ಮುಳುಗಿದ್ದ. ಮೇಷ್ಟ್ರು ಒಂದು ಗಟ್ಟಿ ಬೀಗ ಕೇಳಿದ್ದಾರೆ, ಕೀಲಿಯಿಲ್ಲದೆ ಯಾರಿಂದಲೂ ತೆಗೆಯಲಾಗದಂಥದು ಎಂದ. ಅರ ಹಾಕಿದ, ತಿಕ್ಕಿದ, ಬಿಚ್ಚಿ ಮತ್ತೆ ಕೂಡಿಸಿದ. ಮುಗಿದ ದಿನ ತಾಯಿಗೆ ತೋರಿಸಿ, "ಅಪ್ಪನೂ ಇಂಥದ್ದು ಮಾಡಿರಲಿಲ್ಲ," ಎಂದ. ಅವಳು ಕೈಯಲ್ಲಿ ತೂಗಿ ನೋಡಿ, ಇಷ್ಟು ಭಾರದ್ದು ಯಾವ ಖಜಾನೆಗೋ ಎಂದಳು.

ಗೋದಾಮಿಗೆ ಬೆಂಕಿ ಬಿದ್ದದ್ದು ಒಂದು ರಜೆಯ ದಿನ, ಮಧ್ಯಾಹ್ನ ಹನ್ನೆರಡೂವರೆಗೆ. ಆಸ್ಪತ್ರೆಗೆ ಸುಟ್ಟವರು ಬಂದಾಗ ಮಗಳು ಕೆಲಸದಲ್ಲಿದ್ದಳು. ಗೋದಾಮಿನವರಲ್ಲಿ ಅರ್ಧ ಜನ ಆ ಹೊತ್ತಿಗೆ ಹೊರಗಿದ್ದರು. ಬಂದವರು ಒಂಬತ್ತು ಜನ. ಏಳು ಜನ ಬರಲೇ ಇಲ್ಲ. ಅವರನ್ನು ನೇರ ಶವಾಗಾರಕ್ಕೆ ಒಯ್ದಿದ್ದರು. ಉಳಿದವರು ಮಂಡಿವರೆಗೆ ಎದ್ದ ಶಟರಿನ ಕೆಳಗೆ ತೆವಳಿ, ಬೆಂಕಿಯ ಮೂಲಕವೇ ಹೊರಬಂದಿದ್ದರು. ಒಂಬತ್ತು ಜನರಲ್ಲಿ ಇಸ್ತ್ರಿಯವಳೂ ಇದ್ದಳು. ಎರಡೂ ಅಂಗೈ ಸುಲಿದುಹೋಗಿದ್ದವು.

ಮಗಳು ಮುಲಾಮು ಹಚ್ಚುವಾಗ ಅವಳು ಗುರುತು ಹಿಡಿದಳು. ಹೊಗೆ ಕುಡಿದು ದನಿ ಒಡೆದಿತ್ತು.

"ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ರು. ನಾನು ಬಡಿದೆ ಬಡಿದೆ. ಬಾಗಿಲು ಕಾದು ಕೆಂಡ ಆಗಿತ್ತು."

"ಮಾತಾಡಬೇಡಿ."

"ಹೊರಗೆ ಜನ ಇದ್ರು, ದನಿ ಕೇಳ್ತಿತ್ತು. ಎರಡು ಬೀದಿ ಆಚೆ ಬೀಗದ ಅಣ್ಣ ಇದ್ದಾರೆ, ಅವರನ್ನ ಕರೀರಿ, ಅವರು ತೆಗೀತಾರೆ ಅಂತ ಕೂಗಿದೆ. ಯಾರಿಗೂ ಕೇಳಿಸಲಿಲ್ಲವೋ ಏನೋ." ಮತ್ತೆ, "ನನ್ನ ತಂಗೀನ ಎಲ್ಲಿ ಮಲಗಿಸಿದ್ದೀರಿ? ಅವಳು ನನ್ನ ಹಿಂದೇನೇ ಇದ್ಲು," ಎಂದಳು.

ಮಗಳು ಬ್ಯಾಂಡೇಜು ಕಟ್ಟಿ ಮುಗಿಸಿದಳು. ಆಮೇಲೆ ಹಿರಿಯ ನರ್ಸಿಗೆ ಹೇಳಿ, ಸಮವಸ್ತ್ರದಲ್ಲೇ ಮನೆಗೆ ನಡೆದಳು.

ಅಪ್ಪ ಊಟಕ್ಕೆ ಕೂತಿದ್ದ. ಅಮ್ಮ ಬಡಿಸುತ್ತಿದ್ದಳು. ತಿಂಗಳಿನಿಂದ ಮಾತಾಡದಿದ್ದ ಮಗಳು ಎದುರಿಗೆ ಬಂದು ನಿಂತಳು.

"ಮೇಷ್ಟ್ರಿಗೆ ಮಾಡಿಕೊಟ್ಟ ಬೀಗ ಎಲ್ಲಿದೆ?"

ಅವನು ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ಯಾಕೆ?"

"ಗೋದಾಮಿನ ಹಿಂದಿನ ಬಾಗಿಲಿಗೆ ಯಾರೋ ಹೊರಗಿಂದ ಬೀಗ ಹಾಕಿದ್ರು. ಏಳು ಜನ ಸತ್ತಿದ್ದಾರೆ. ಎಲ್ಲಿದೆ ಬೀಗ?"

ಅಮ್ಮನ ಕೈಯಿಂದ ಸೌಟು ಪಾತ್ರೆಯೊಳಗೆ ಜಾರಿತು. ಮುದುಕಿ ಮಂಚದಿಂದಲೇ, "ಏನಂತೆ? ಯಾರು ಸತ್ತರು?" ಎಂದಳು.

"ನಾನು ಬೀಗ ಕೊಟ್ಟೆ ಅಷ್ಟೆ," ಎಂದ ಬೀಗದವನು. "ಬೆಂಕಿ ಹಚ್ಚಿದ್ದು ನಾನಲ್ಲ. ಗೋದಾಮಿನಲ್ಲಿ ಯಾರೂ ಇಲ್ಲದಾಗ ಬೀಗ ಜಡಿದು, ಒಳಗೆ ಸೇರದ ಹಾಗೆ ಮಾಡ್ತೀವಿ ಅಂದಿದ್ರು."

"ಯಾರೂ ಇಲ್ಲದಾಗ," ಎಂದಳು ಹೆಂಡತಿ. ಅವಳ ದನಿ ಏರಲಿಲ್ಲ. "ಹಗಲೂ ಜನ ಮಲಗಿರ್ತಾರೆ ಅಂತ ಅವಳು ಹೇಳಿದ್ಲಲ್ಲ. ಈ ಮನೇಲೇ, ನನ್ನ ಮಂಚದ ಮೇಲೆ ಕೂತ್ಕೊಂಡು. ನೀವೇ ಕೇಳಿದ್ರಿ. ಎಷ್ಟು ಜನ, ಎಷ್ಟು ಬಾಗಿಲು, ಹಗಲು ಯಾರಿರ್ತಾರೆ. ಎಲ್ಲಾ ನೀವೇ ಕೇಳಿದ್ರಿ."

ಅವನು ತಟ್ಟೆಯಲ್ಲಿದ್ದದ್ದನ್ನು ತಿಂದು ಮುಗಿಸಿ, ಕೈ ತೊಳೆದು, ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಬೆಳಿಗ್ಗೆ ಮೇಷ್ಟ್ರು ಬಂದರು. ಮುದುಕಿಗೆ ನಮಸ್ಕರಿಸಿ, ಚಹಾ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟರು.

"ನಡೆಯಬಾರದ್ದು ನಡೀತು," ಎಂದರು. "ಆವೇಶದಲ್ಲಿ ಹುಡುಗರ ಕೈ ಮೀರಿತು. ಈಗ ಮನೆ ಮರ್ಯಾದೆ ಮನೆಯವರ ಬಾಯಲ್ಲಿದೆ ತಾಯಿ. ನಮ್ಮವರು ನಿಮ್ಮ ಮೇಲೆ ಒಂದು ಕಣ್ಣಿಟ್ಟಿರ್ತಾರೆ. ಮಗಳು ದಿನಾ ಒಬ್ಬಳೇ ಓಡಾಡ್ತಾಳಲ್ಲ."

ಅವರು ಹೋದ ಮೇಲೆ ಮುದುಕಿ ಸೊಸೆಯನ್ನೂ ಮೊಮ್ಮಗಳನ್ನೂ ಹತ್ತಿರ ಕರೆದಳು.

"ಕೇಳಿ. ಅವನು ಮಾಡಿದ್ದು ದೊಡ್ಡ ತಪ್ಪು. ಆದ್ರೆ ಸತ್ತವರು ವಾಪಸ್ ಬರಲ್ಲ. ಇವನನ್ನಾದ್ರೂ ಉಳಿಸ್ಕೊಳ್ಳೋಣ. ಹೆತ್ತ ಹೊಟ್ಟೆ ನನ್ನದು. ಇನ್ನೆಷ್ಟು ದಿನ ಇರ್ತೀನಿ, ನಾನು ಹೋಗೋವರೆಗೆ ಸುಮ್ಮನಿರಿ."

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು. ಹೇಳುತ್ತೇನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಎರಡು ದಿನ ಆ ಮನೆಯಲ್ಲಿ ಒಲೆ ಹತ್ತಿತು, ಪಾತ್ರೆ ತೊಳೆದಾಯಿತು, ಬಟ್ಟೆ ಒಣಗಿತು.

ಮೂರನೆಯ ದಿನ ಇನ್ಸ್‌ಪೆಕ್ಟರು ಒಬ್ಬ ಕಾನ್ಸ್‌ಟೇಬಲ್ಲಿನೊಡನೆ ಬಂದರು. ಹಿಡಿಯಲೆಂದು ಬಂದದ್ದಲ್ಲ, ಸಲಹೆ ಕೇಳಲು ಬಂದದ್ದು. ಪ್ಲಾಸ್ಟಿಕ್ ಚೀಲದಿಂದ ಮಸಿ ಹಿಡಿದ ಬೀಗವನ್ನು ತೆಗೆದು ಮೇಜಿನ ಮೇಲಿಟ್ಟರು.

"ಈ ಕಸುಬಿನಲ್ಲಿ ನಿಮ್ಮಷ್ಟು ತಿಳಿದವರು ಇಲ್ಲಿಲ್ಲ ಅಂತ ಎಲ್ಲರೂ ಹೇಳಿದ್ರು. ಇದು ಎಲ್ಲಿಯ ಮಾಲು, ನೋಡಿ ಹೇಳ್ತೀರಾ?"

ಬೀಗದವನು ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದಳು. ಅವಳ ಬೆನ್ನಿಗೆ ಮುದುಕಿ.

"ಯಂತ್ರದ ಮಾಲು," ಎಂದ. "ಕೈಕೆಲಸ ಅಲ್ಲ. ಮೂಲೆ ಅಂಗಡಿಯಲ್ಲಿ ಇಂಥವು ರಾಶಿ ಇವೆ."

"ಆ ಹೊಳೆಯಾಚೆಯವನ ಅಂಗಡಿಯಲ್ಲೇನು?"

"ಹೌದು. ಅವರವರಲ್ಲೇ ಏನೋ ಜಗಳ ಇತ್ತಂತೆ."

"ಖಚಿತವಾಗಿ ಹೇಳ್ತೀರಾ? ಹಾಗಿದ್ರೆ ಅವನನ್ನ ಇವತ್ತೇ ಎತ್ತಾಕ್ಕೊಂಡು ಹೋಗ್ತೀವಿ."

"ಖಚಿತ."

ಕಾನ್ಸ್‌ಟೇಬಲ್ಲು ಹೇಳಿಕೆ ಬರೆದು, ಸಹಿಗೆಂದು ಕಾಗದ ಮುಂದಿಟ್ಟ. ಬೀಗದವನು ಪೆನ್ನು ತೆಗೆದುಕೊಂಡ.

"ಸಹಿ ಹಾಕಬೇಡಿ," ಎಂದಳು ಹೆಂಡತಿ.

ಎಲ್ಲರೂ ತಿರುಗಿದರು. ಮುದುಕಿ ಹಿಂದಿನಿಂದ ಅವಳ ಸೆರಗು ಹಿಡಿದೆಳೆದಳು. ಅವಳು ಬಿಡಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು.

"ಅದು ಇವರು ಮಾಡಿದ ಬೀಗ ಸಾರ್. ಇಲ್ಲೇ ಕೂತು ಒಂದು ವಾರ ಮಾಡಿದ್ದು. ಬಿಚ್ಚಿ ನೋಡಿ. ಇವರು ಮಾಡೋ ಪ್ರತಿ ಬೀಗದ ಒಳಗಡೆ ಮೂರು ಗೀರು ಹಾಕ್ತಾರೆ. ಇವರಪ್ಪನೂ ಹಾಕ್ತಿದ್ರು."

"ತಲೆ ಕೆಟ್ಟಿದೆಯೇನೇ ನಿನಗೆ," ಎಂದ ಗಂಡ.

"ಏಳು ಜನ ಸತ್ತಾಗ ಬಾಯಿ ಮುಚ್ಕೊಂಡಿದ್ದೆ ರೀ. ಎರಡು ದಿನ. ನಿಮಗೆ ಅನ್ನ ಹಾಕಿದ್ದೀನಿ. ಈಗ ಎಂಟನೆಯವನನ್ನೂ ಕೊಡ್ತಿದ್ದೀರಲ್ಲ."

ಇನ್ಸ್‌ಪೆಕ್ಟರು ಅಲ್ಲೇ ಇದ್ದ ಇಕ್ಕುಳ ಎತ್ತಿ ಬೀಗದವನ ಕೈಗೆ ಕೊಟ್ಟರು. "ಬಿಚ್ಚಿ," ಎಂದರು. ಅವನು ಕದಲದೆ ಕೂತೇ ಇದ್ದ. ಬಿಚ್ಚುವ ಅಗತ್ಯ ಮತ್ತೆ ಬೀಳಲಿಲ್ಲ.

ಅವನ ಹೇಳಿಕೆಯ ಮೇಲೆ ಇನ್ನೂ ನಾಲ್ವರು ಸಿಕ್ಕಿಬಿದ್ದರು. ಮೇಷ್ಟ್ರನ್ನೂ ಕರೆದೊಯ್ದರು. ಆದರೆ ಅವರು ಬೀಗ ಇಸಿದುಕೊಂಡದ್ದನ್ನು ಕಂಡವರಿರಲಿಲ್ಲ. ಹತ್ತನೆಯ ದಿನ ಅವರು ಹೂವಿನ ಹಾರದೊಂದಿಗೆ ಹೊರಬಂದರು. ಬೀಗದವನ ಮನೆಯ ಗೋಡೆಗೆ ಯಾರೋ ಟಾರು ಬಳಿದರು. ಅಂಗಡಿಯ ಬೋರ್ಡು ಕಿತ್ತುಹೋಯಿತು. ಹಾಲಿನವನು ಇನ್ನು ಈ ಕಡೆ ಬರಲಾಗದು ಎಂದ. ಮಗಳು ಆಸ್ಪತ್ರೆಗೆ ಹೋಗುವಾಗ ಬರುವಾಗ ಅಮ್ಮ ಜೊತೆಗೆ ನಡೆಯುತ್ತಿದ್ದಳು.

ಇಸ್ತ್ರಿಯವಳನ್ನು ನೋಡಲು ಹೆಂಡತಿ ಒಮ್ಮೆ ವಾರ್ಡಿಗೆ ಹೋದಳು. ಅಷ್ಟು ಹೊತ್ತಿಗೆ ಅವಳಿಗೆ ಎಲ್ಲ ಗೊತ್ತಾಗಿತ್ತು. ಹೆಂಡತಿಯನ್ನು ಕಂಡು ಗೋಡೆಯ ಕಡೆ ಮಗ್ಗುಲಾದಳು. ಅರ್ಧ ಗಂಟೆ ನಿಂತು, ತಂದ ಗಂಜಿಯನ್ನು ಪಕ್ಕದ ಹಾಸಿಗೆಯವಳಿಗೆ ಕೊಟ್ಟು, ಹೆಂಡತಿ ವಾಪಸ್ಸು ಬಂದಳು.

ಮನೆಯಲ್ಲಿ ಮುದುಕಿ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಅವಳು ಮಾಡಿದ ಅಡುಗೆ ಮುಟ್ಟುತ್ತಿರಲಿಲ್ಲ. ಮೊಮ್ಮಗಳು ಕೆಲಸದಿಂದ ಬಂದು ಬ್ರೆಡ್ಡು ಕೊಟ್ಟರೆ ಹಾಲಿಗೆ ಅದ್ದಿ ತಿನ್ನುತ್ತಿದ್ದಳು.

"ಅಜ್ಜಿ, ಎಷ್ಟು ದಿನ ಹೀಗೆ?"

"ನನ್ನ ಮಗನನ್ನ ಕೊಟ್ಟವಳ ಕೈಯಲ್ಲಿ ಹೇಗೆ ತಿನ್ನಲಿ?"

"ಅವನನ್ನ ಕೊಟ್ಟದ್ದು ಮೇಷ್ಟ್ರು ಅಜ್ಜಿ. ಅಮ್ಮ ಅಲ್ಲ."

ಮುದುಕಿ ಆ ಕಡೆ ತಿರುಗಿ ಮಲಗಿದಳು.

ಏಳನೆಯ ವಾರ ಜೈಲಿನಲ್ಲಿ ಭೇಟಿಗೆ ಅನುಮತಿ ಸಿಕ್ಕಿತು. ಮೂವರೂ ಹೋದರು. ಎರಡು ಬಸ್ಸು ಬದಲಿಸಿ, ಸಾಲಿನಲ್ಲಿ ಮೂರು ಗಂಟೆ ನಿಂತು, ತಂತಿಬಲೆಯ ಈಚೆ ಬೆಂಚಿನ ಮೇಲೆ ಕೂತರು. ಅವನು ಬಂದ. ಸೊರಗಿದ್ದ, ಆದರೆ ನೆಟ್ಟಗೆ ನಡೆಯುತ್ತಿದ್ದ. ಹೆಂಡತಿಯನ್ನೂ ಮಗಳನ್ನೂ ಕಂಡರೂ ಕಾಣದಂತೆ ತಾಯಿಯ ಎದುರು ಕೂತ.

"ಮೇಷ್ಟ್ರು ಮನೆ ಕಡೆ ಬಂದಿದ್ರಾ ಅಮ್ಮ?"

"ಇಲ್ಲ."

"ವಕೀಲರನ್ನ ಕಳಿಸ್ತಾರೆ. ಸಮಯ ನೋಡ್ತಿದ್ದಾರೆ. ಇಲ್ಲಿ ಎಲ್ಲರೂ ನನಗೆ ಗೌರವ ಕೊಡ್ತಾರೆ. ಹೊರಗೆ ಜನ ಏನಂತಾರೆ?"

ಮುದುಕಿ ಬಲೆಯ ಹತ್ತಿರ ಮುಖ ತಂದಳು. "ಒಂದು ಕೇಳ್ತೀನಿ, ನಿಜ ಹೇಳು. ಸತ್ತವರಲ್ಲಿ ಆರು ವರ್ಷದ್ದೊಂದು ಮಗು ಇತ್ತಂತೆ. ನಿನಗೆ ಗೊತ್ತಾ?"

"ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು."

"ಗೊತ್ತಾದಾಗ ಏನನ್ನಿಸ್ತು?"

ಅವನು ಯೋಚಿಸಿದ. ಪ್ರಶ್ನೆ ಅರ್ಥವಾಗದವನ ಹಾಗೆ ತಾಯಿಯನ್ನೇ ನೋಡಿದ.

"ಅದು ಬೆಳೆದು ದೊಡ್ಡದಾದ್ರೂ ಅವರದ್ದೇ ತಾನೇ ಅಮ್ಮ," ಎಂದ.

ಮುದುಕಿ ಬಲೆಗೆ ಆನಿಸಿದ್ದ ಬೆರಳುಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಇನ್ನೂ ಹತ್ತು ನಿಮಿಷ ಉಳಿದಿತ್ತು. ಅವಳು ಎದ್ದಳು. "ಕೂತ್ಕೋ ಅಮ್ಮ, ಇನ್ನೂ ಟೈಮಿದೆ," ಎಂದು ಅವನು ಎರಡು ಸಲ ಕರೆದ. ಅವಳು ಗೋಡೆ ಹಿಡಿದುಕೊಂಡು ಹೊರಗೆ ನಡೆದಳು.

ಬಸ್ ನಿಲ್ದಾಣದಲ್ಲಿ ನೆರಳಿರಲಿಲ್ಲ. ಮೂವರೂ ಬಹಳ ಹೊತ್ತು ನಿಂತರು. ಕೊನೆಗೆ ಮುದುಕಿ, ಯಾರ ಮುಖವನ್ನೂ ನೋಡದೆ, ಬಾಯಿ ತೆರೆದಳು.

"ನೀನು ಮಾಡಿದ್ದನ್ನ ನಾನು ಸರಿ ಅನ್ನಲ್ಲ. ಸಾಯೋವರೆಗೂ ಅನ್ನಲ್ಲ."

"ಅನ್ನಬೇಡಿ ಅತ್ತೆ."

"ತಪ್ಪು ಅಂತಾನೂ ಇನ್ಮೇಲೆ ಅನ್ನಲ್ಲ."

ಬಸ್ಸು ಬಂತು. ಮೆಟ್ಟಿಲು ಎತ್ತರವಾಗಿತ್ತು. ಮುದುಕಿ ಒಂದು ಕಾಲಿಟ್ಟು, ಆಗದೆ, ಕೈ ಹಿಂದಕ್ಕೆ ಚಾಚಿದಳು. ಸೊಸೆ ಆ ಕೈ ಹಿಡಿದು, ಇನ್ನೊಂದು ಕೈಯಿಂದ ಬೆನ್ನಿಗೆ ಆಸರೆ ಕೊಟ್ಟು, ಮೇಲಕ್ಕೆ ಹತ್ತಿಸಿದಳು.